ಇಳ್ದ್ಯೇನ್ಲಾ?

ನಮ್ಮ ಸೋದರಮಾವನ ಮನೆಯಲ್ಲಿ ಸ್ವಿಚ್ಚು ಒತ್ತಬೇಕಾದರೆ ಸತ್ತವನೊಬ್ಬನ ಅಪ್ಪಣೆ ಬೇಕಾಗಿತ್ತು ಎಂದರೆ ನೀವು ನಗುತ್ತೀರಿ. ನಗಿ, ನಗಿ! ನಾನೂ ಬೇಕಾದಷ್ಟು ನಕ್ಕವನೇ.

ಎಪ್ಪತ್ತರ ದಶಕದ ಮಾತು. ಬ್ಲಫಿನ ವಿದ್ಯುದಾಗಾರದಿಂದ ಬಂದ ಕರೆಂಟನ್ನು ಊರೂರಿಗೆ ಹಂಚುವ ಒಂದು ಸಬ್‌ಸ್ಟೇಷನ್ನಿನಲ್ಲಿ ಮಾವ ಆಪರೇಟರು. ನಿವೃತ್ತರಾಗಿ ಮಳವಳ್ಳಿಗೆ ಬಂದವರು ಮಾಡಿದ ಮೊದಲ ಕೆಲಸವೆಂದರೆ ಮನೆಯ ಮೇನ್ ಸ್ವಿಚ್ಚಿಗೆ ಒಂದು ಕೆಂಪು ತಗಡಿನ ಬಿಲ್ಲೆ ನೇತುಹಾಕಿದ್ದು. ಅದನ್ನು ಯಾರೂ ಮುಟ್ಟುವಂತಿಲ್ಲ. ದಿನಾ ಬೆಳಗ್ಗೆ ಅದರ ಮುಂದೆ ನಿಂತು ತೊಲೆಗಳ ಕಡೆ ಕೂಗುವರು: "ಇಳ್ದ್ಯೇನ್ಲಾ?" ಕಿವಿಗೊಟ್ಟು ಕಾಯುವರು. ಆಮೇಲೆ ಸ್ವಿಚ್ಚು ಮುಟ್ಟದೆ ಹಿಂದಿರುಗುವರು. ಊರಿಗೆಲ್ಲ ಕರೆಂಟು ಕೊಟ್ಟವರ ಮನೆಯಲ್ಲಿ ಲಾಟೀನು. ಸೀಲಿಂಗ್ ಫ್ಯಾನಿನ ಮೇಲೆ ಗುಬ್ಬಿಗಳು ಗೂಡು ಕಟ್ಟಿ, ಮರಿ ಮಾಡಿ, ಹಾರಿಯೂ ಹೋಗಿದ್ದವು.

ಒಮ್ಮೆ ರಾಗಿ ಹಿಟ್ಟು ಮಾಡಿಸಲು ಹೋದರು. ಗಿರಣಿ ಸಾಬರು ಸ್ವಿಚ್ಚಿಗೆ ಕೈಯಿಟ್ಟರೋ ಇಲ್ಲವೋ, ಮಾವ ಕೂಗಿದರು. ಸ್ವಲ್ಪ ಕಾದು, ಪಕ್ಕದಲ್ಲಿದ್ದ ಹೆಂಗಸಿಗೆ "ಇಳ್ದಿಲ್ಲ ಕಣಮ್ಮ, ಇನ್ನೂ ಮ್ಯಾಲೇ ಅವ್ನೆ" ಎಂದರು. ಸಾಲಿನಲ್ಲಿದ್ದ ಹೆಂಗಸರೆಲ್ಲ ತಲೆ ಎತ್ತಿದರು. ಅದೇ ಗಳಿಗೆಗೆ ಬಿಸಿಲಿಗೆ ಕಾದ ತಗಡಿನ ಸೂರು 'ಟಣ್' ಎನ್ನಬೇಕೆ! ಒಬ್ಬಾಕೆ ಕುಕ್ಕೆ ಬಿಟ್ಟು ಓಡಿದಳು. ಸಾಬರು ಕೈಮುಗಿದರು: "ಸ್ವಾಮಿ, ನಿಮ್ ರಾಗಿ ನಾನೇ ಮನೇಗ್ ತಂದ್ಕೊಡ್ತೀನಿ. ಇತ್ಲಾಗ್ ಬರ್ಬ್ಯಾಡಿ!"

ಅತ್ತೆ ಆಸೆಪಟ್ಟು ಕುಕ್ಕರು ತರಿಸಿದರು. ಅದು ಮೊದಲ ಸಲ ಸೀಟಿ ಹೊಡೆದದ್ದೇ ತಡ, ಮಾವ ಅಡುಗೆಮನೆಗೆ ನುಗ್ಗಿ ಅತ್ತೆಯ ಕೈ ಹಿಡಿದುಕೊಂಡರು. "ನಂಬಬ್ಯಾಡ ಕಣೇ! ಅವನಲ್ಲ ಅದು!" ಕುಕ್ಕರು ಅಟ್ಟ ಸೇರಿತು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅತ್ತೆ ನಗಲಿಲ್ಲ. ಹಿತ್ತಿಲಿಗೆ ಕರೆದು ಹೇಳಿದರು.

ಲೈನಿನ ಕೆಲಸಕ್ಕೆ ಕಂಬ ಹತ್ತುವವನು ತನ್ನ ಬಿಲ್ಲೆಯನ್ನು ಸ್ವಿಚ್ಚಿಗೆ ನೇತುಹಾಕಿ ಹೋಗಬೇಕು, ಇಳಿದು ಬಂದು ತಾನೇ ತೆಗೆಯಬೇಕು. ಬೇರೆಯವರು ತೆಗೆಯುವಂತಿಲ್ಲ. ಮಾವನ ಲೈನ್‌ಮನ್ ಗೆಳೆಯನೊಬ್ಬ ಸೀಟಿ ಹೊಡೆಯುತ್ತಲೇ ಇಳಿದು ಬರುವವನು. ಒಂದು ಮಧ್ಯಾಹ್ನ ಗೇಟಿನ ಹತ್ತಿರ ಸೀಟಿ ಕೇಳಿಸಿತು. ಬಂದ, ಬಿಲ್ಲೆ ಮರೆತ ಎಂದುಕೊಂಡು ಮಾವ ತಾವೇ ತೆಗೆದು ಕರೆಂಟು ಕೊಟ್ಟರು. ಸೀಟಿ ಹೊಡೆದವನು ಯಾರೋ ದಾರಿಹೋಕ. ಗೆಳೆಯ ಕಂಬದ ಮೇಲೇ ಇದ್ದ.

"ಇಚಾರಣೇಲಿ ಇವ್ರೇ ಬಿಲ್ಲೆ ಇರ್ಲೇ ಇಲ್ಲ ಅಂದ್ಬುಟ್ರು ಕಣಪ್ಪ. ತಪ್ಪೆಲ್ಲ ಸತ್ತೋನ ತಲೆಗ್ ಬಿತ್ತು. ಬಿಲ್ಲೆ ಇವ್ರ ಜೇಬಲ್ಲೇ ಇತ್ತು."

ಅವತ್ತಿನಿಂದ ನನ್ನ ನಗು ನಿಂತಿತು. ನಕ್ಕದ್ದಕ್ಕೆಲ್ಲ ನಾಚಿಕೆಯಾಯಿತು.

ಮಾವ ಹಾಸಿಗೆ ಹಿಡಿದ ಬೇಸಿಗೆಯಲ್ಲಿ ನಾನು ಪಕ್ಕದಲ್ಲಿದ್ದೆ. ಧಗೆಗೆ ಬೆವರುತ್ತಿದ್ದರು, ಕಣ್ಣು ಮಂಜಾಗಿತ್ತು. ಮಲಗಿದಲ್ಲಿಂದಲೇ ಕೇಳಿದರು: "ಇಳ್ದ್ಯೇನ್ಲಾ?"

ನನಗೇನಾಯಿತೋ. ಎದ್ದು ಹೋಗಿ ಬಿಲ್ಲೆ ತೆಗೆದೆ. "ಇಳ್ದೆ ಕಣ್ಲಾ" ಎಂದೆ. ಆ ದನಿ ನನಗೇ ನನ್ನದೆನಿಸಲಿಲ್ಲ.

ಮಾವನ ಮುಖ ಅರಳಿತು. "ಇಸ್ಟೊತ್ತು ಬೇಕಾಯ್ತೇನ್ಲಾ ಇಳಿಯಕ್ಕೆ?" ಆಮೇಲೆ ಮೆಲ್ಲಗೆ, "ಬಿಲ್ಲೆ ಇತ್ತು ಕಣ್ಲಾ. ನಾನು ಸುಳ್ಳೇಳ್ದೆ."

"ಗೊತ್ತು ಬುಡ್ಲಾ" ಎಂದು ಬಿಲ್ಲೆಯನ್ನು ಅವರ ಅಂಗೈಯಲ್ಲಿಟ್ಟೆ.

ಮೇನ್ ಹಾಕಿ ಫ್ಯಾನು ತಿರುಗಿಸಿದೆ. ಹಳೆಯ ಗೂಡಿನ ಹುಲ್ಲೆಲ್ಲ ಮಾವನ ಮೇಲೆ ಉದುರಿತು. ಅವರು ಕಣ್ಣು ಮುಚ್ಚಿಕೊಂಡೇ ನಗುತ್ತಿದ್ದರು. ನಾನು ಅಳುತ್ತಾ ಒಂದೊಂದೇ ಎಳೆ ಆರಿಸಿ ತೆಗೆದೆ.