ಯಂತ್ರಕ್ಕೆ ನಾನು ಪಾಠ ಹೇಳಿದ ಪ್ರಸಂಗ

ನನಗೆ ಗೊತ್ತಿರುವ ಸಂಗತಿ ನನಗೆ ಹೇಗೆ ಗೊತ್ತು ಎಂದು ಯಾರಾದರೂ ಕೇಳಿದರೆ ನನ್ನ ಬಾಯಿ ಕಟ್ಟಿಹೋಗುತ್ತದೆ. ಇದು ನನ್ನೊಬ್ಬನ ಕಾಯಿಲೆ ಎಂದು ಬಹಳ ದಿನ ನಾಚಿಕೊಂಡಿದ್ದೆ. ಆಮೇಲೆ ಸುತ್ತಮುತ್ತ ನೋಡಿದರೆ ಎಲ್ಲರದೂ ಅದೇ ಕಥೆ. ನನ್ನ ಹೆಂಡತಿ ಸರೋಜ ದೋಸೆ ಹಿಟ್ಟಿನ ಪಾತ್ರೆಯ ಮುಚ್ಚಳ ತೆಗೆದು, ಒಮ್ಮೆ ಇಣುಕಿ, "ಇನ್ನೂ ಒಂದು ಗಂಟೆ ಬೇಕು" ಎನ್ನುತ್ತಾಳೆ. ಹೇಗೆ ಗೊತ್ತಾಯಿತು ಎಂದರೆ, "ಗೊತ್ತಾಗುತ್ತೆ ಅಷ್ಟೆ, ನಿಮಗ್ಯಾಕೆ ಆ ಉಸಾಬರಿ, ತಟ್ಟೆಗೆ ಬಂದಾಗ ತಿನ್ನಿ" ಎಂಬ ಉತ್ತರ. ನಮ್ಮ ನಾಗಸಂದ್ರದ ಹಣ್ಣಿನಂಗಡಿಯವನು ಕಲ್ಲಂಗಡಿಯನ್ನು ಎರಡು ಸಲ ತಟ್ಟಿ ಅದರ ಜಾತಕ ಹೇಳುತ್ತಾನೆ. ಅವನನ್ನು ಕೇಳಿದರೆ ಇನ್ನೊಂದು ಸಲ ತಟ್ಟಿ ತೋರಿಸುತ್ತಾನೆಯೇ ಹೊರತು ವಿವರಣೆ ಕೊಡುವುದಿಲ್ಲ. ಇಂಥ ವಿವರಣೆಯನ್ನು ಯಾರೂ ಕೇಳದೆ ಇದ್ದುದರಿಂದಲೇ ನಾನು ಇಪ್ಪತ್ತೆರಡು ವರ್ಷ ನೆಮ್ಮದಿಯಾಗಿ ಸಂಬಳ ತೆಗೆದುಕೊಂಡೆ.

ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರ್. ಖಾಕಿ, ಲಾಠಿ ಏನೂ ಇಲ್ಲ. ಒಂದು ಮೇಜು, ಒಂದು ಕುರ್ಚಿ, ಮೇಲೊಂದು ಟ್ಯೂಬ್‌ಲೈಟು. ನೀರೆತ್ತುವ ಪಂಪಿನೊಳಗೆ ಕೂರುವ, ಹೆಬ್ಬೆರಳ ಗಾತ್ರದ ಬುಷ್ ಎಂಬ ಉಕ್ಕಿನ ಕೊಳವೆಗಳು ಅವನ್ನು ಕಡೆಯುವ ಲೇತ್ ಯಂತ್ರಗಳಿಂದ ಟ್ರೇಗಳಲ್ಲಿ ನನ್ನ ಮುಂದೆ ಬರುತ್ತವೆ. ಒಂದೊಂದನ್ನೂ ಬೆಳಕಿಗೆ ಹಿಡಿದು ತಿರುಗಿಸಿ ನೋಡಬೇಕು. ಗೀರು, ತಗ್ಗು, ಬಿರುಕು ಕಂಡರೆ ಬ್ರಷ್ಷಿನಿಂದ ಕೆಂಪು ಬಣ್ಣದ ಒಂದು ಚುಕ್ಕೆ ಇಟ್ಟು ಬೇರೆ ಟ್ರೇಗೆ ಹಾಕಬೇಕು. ಕೆಟ್ಟ ಪೀಸು ಕೆಂಪು ಚುಕ್ಕೆಯಿಲ್ಲದೆ ನನ್ನ ಕೈ ಬಿಡಬಾರದು ಎಂಬುದು ಕಾರ್ಖಾನೆ ಹುಟ್ಟಿದಂದಿನಿಂದ ಇರುವ ನಿಯಮ. ಚುಕ್ಕೆ ಇಡುವಾಗ ನನಗೆ ಒಂದು ಬಗೆಯ ಗತ್ತು ಬರುತ್ತದೆ ಎಂದು ಸರೋಜ ಹೇಳುತ್ತಾಳೆ. ಅವಳು ಒಂದು ಸಲ ಕಾರ್ಖಾನೆಯ ಪೂಜೆಗೆ ಬಂದಾಗ ನೋಡಿದ್ದಳಂತೆ.

ಹೀಗಿರುವಾಗ ನಮ್ಮ ಮಾಲೀಕರು ಯಾವುದೋ ಯಂತ್ರಗಳ ಪ್ರದರ್ಶನಕ್ಕೆ ಹೋಗಿ ಬಂದರು. ಅವರು ಪ್ರದರ್ಶನಕ್ಕೆ ಹೋಗಿ ಬಂದರೆಂದರೆ ನಮಗೆಲ್ಲ ಎದೆ ಡವಡವ. ಹಿಂದೊಮ್ಮೆ ಹೋಗಿ ಬಂದು ಎಲ್ಲರಿಗೂ ಬೆಳಗಿನ ಹೊತ್ತು ಜಪಾನಿ ವ್ಯಾಯಾಮ ಮಾಡಿಸಿದ್ದರು. ಸ್ಟೋರ್ಸಿನವರೊಬ್ಬರಿಗೆ ಸೊಂಟ ಹಿಡಿದುಕೊಂಡ ಮೇಲೆ ಅದು ನಿಂತಿತು. ಈ ಸಲ 'ಎ.ಐ.' ಎಂಬ ಎರಡಕ್ಷರವನ್ನು ಹೊತ್ತು ತಂದರು. ನನ್ನನ್ನು ಕ್ಯಾಬಿನ್ನಿಗೆ ಕರೆಸಿ, "ಮೂರ್ತಿ, ಇನ್ಮೇಲೆ ಪೀಸನ್ನ ಕ್ಯಾಮೆರಾನೇ ನೋಡುತ್ತೆ ಕಣಯ್ಯ. ನಿನಗೆ ಗೊತ್ತಿರೋದನ್ನೆಲ್ಲ ನೀನು ಅದಕ್ಕೆ ಹೇಳ್ಕೊಡ್ಬೇಕು" ಎಂದರು. "ಆಮೇಲೆ ನಾನು, ಸಾರ್?" ಎಂದೆ. ಅವರು ಗೋಡೆಯ ಮೇಲಿದ್ದ ಗಣಪತಿಯ ಕಡೆ ನೋಡಿ, "ಮೊದ್ಲು ಅದು ಕಲೀಲಿ, ಆಮೇಲೆ ನೋಡೋಣ" ಎಂದರು. ನಾನೂ ಗಣಪತಿಗೊಂದು ಕೈಮುಗಿದು ಹೊರಗೆ ಬಂದೆ.

ಅಂದಿನಿಂದ ನನ್ನ ತಲೆ ಗೊಂದಲದ ಗೂಡಾಯಿತು. ಯಂತ್ರಕ್ಕೆ ಚೆನ್ನಾಗಿ ಕಲಿಸಿದರೆ ನನ್ನ ಕುರ್ಚಿ ಹೋಗುತ್ತದೆ. ಕೆಟ್ಟದಾಗಿ ಕಲಿಸಿದರೆ, ಇಷ್ಟು ವರ್ಷ ಇವನು ಮಾಡುತ್ತಿದ್ದುದೇನು ಎಂಬ ಪ್ರಶ್ನೆ ಎದ್ದು ಆಗಲೂ ಕುರ್ಚಿ ಹೋಗುತ್ತದೆ. ಐವತ್ತರ ಹತ್ತಿರ ಬಂದವನಿಗೆ ಪೀಣ್ಯದಲ್ಲಿ ಇನ್ಯಾರು ಕುರ್ಚಿ ಕೊಡುತ್ತಾರೆ? ಟಿ.ವಿ. ಹಾಕಿದರೆ ಅಲ್ಲೂ ಅದೇ ಚರ್ಚೆ. ಕೋಟು ಹಾಕಿದವರೊಬ್ಬರು ಎ.ಐ. ಎಲ್ಲರ ಕೆಲಸವನ್ನೂ ತಿನ್ನುತ್ತದೆ ಎಂದರು, ಕುರ್ತಾ ಹಾಕಿದವರೊಬ್ಬರು ಅದು ಹೊಸ ಕೆಲಸಗಳನ್ನು ಹುಟ್ಟಿಸುತ್ತದೆ ಎಂದರು. ಇಬ್ಬರ ಮಾತೂ ಸರಿಯೆಂದೇ ನನಗೆ ಕಂಡಿತು. ಮೆಟ್ರೋದಲ್ಲಿ ಕೊರಳಿಗೆ ಐ.ಡಿ. ಕಾರ್ಡು ನೇತುಹಾಕಿಕೊಂಡ ಸಾಫ್ಟ್‌ವೇರ್ ಹುಡುಗರಿಬ್ಬರು, "ಮಗಾ, ಇನ್ನೈದು ವರ್ಷ, ಟೆಸ್ಟಿಂಗ್ ಮಾಡೋರೆಲ್ಲ ಔಟು" ಎಂದು ಮಾತಾಡಿಕೊಳ್ಳುತ್ತಿದ್ದುದನ್ನು ಕೇಳಿ ನನಗೆ ಸ್ವಲ್ಪ ಸಮಾಧಾನವಾಯಿತು. ಯಂತ್ರಗಳನ್ನು ಮಾಡುವವರಿಗೇ ಹೀಗಾದರೆ ನನ್ನಂಥವನದೇನು ಎನ್ನಿಸಿತು. ನಾಗಸಂದ್ರದಲ್ಲಿ ಇಳಿಯುವ ಹೊತ್ತಿಗೆ, ಹಾಗಾದರೆ ನನ್ನ ಗತಿ ಇನ್ನೂ ಕೆಟ್ಟದ್ದಲ್ಲವೇ ಎಂದು ಹೊಳೆದು ಆ ಸಮಾಧಾನವೂ ಹೋಯಿತು.

ಕೊನೆಗೆ ಸರೋಜಳ ಹತ್ತಿರ ತೋಡಿಕೊಂಡೆ. ಅವಳು ಸೊಪ್ಪು ಬಿಡಿಸುತ್ತಾ, "ಯಾಕೆ ಅಷ್ಟು ಯೋಚ್ನೆ? ನನಗೆ ಸ್ಕೂಟರ್ ಕಲಿಸಿದ್ರಲ್ಲ, ಅದೇ ಥರ ಕಲಿಸಿ. ನಿಮ್ಮ ಕೆಲಸ ಎಲ್ಲೂ ಹೋಗಲ್ಲ" ಎಂದಳು. ಅವಳು ಇಂದಿಗೂ ಬಸ್ಸಿನಲ್ಲೇ ಓಡಾಡುತ್ತಾಳೆ ಎಂಬುದನ್ನು ಇಲ್ಲಿ ಹೇಳಬೇಕಾಗುತ್ತದೆ.

ಯಂತ್ರವನ್ನು ಕೂರಿಸಲು ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಕಂಪನಿಯೊಂದರಿಂದ ಶ್ವೇತಾ ಎಂಬ ಎಂಜಿನಿಯರ್ ಬಂದಳು. ನನ್ನ ಮೇಜಿನ ಮೇಲೆ ಒಂದು ಪೆಟ್ಟಿಗೆ, ಅದರೊಳಗೆ ಕ್ಯಾಮೆರಾ, ಕ್ಯಾಮೆರಾದ ಮುಂದೆ ಒಂದು ಗಾಜು, ಪಕ್ಕದಲ್ಲಿ ಕಂಪ್ಯೂಟರು, ಇಷ್ಟೇ ಎ.ಐ. ಅದಕ್ಕೆ ಕೈಕಾಲುಗಳಿರುತ್ತವೆ ಎಂದುಕೊಂಡಿದ್ದ ನನಗೆ ನಿರಾಶೆಯಾಯಿತು. ಅವಳು ಒಂದು ಕೆಟ್ಟ ಪೀಸನ್ನು ಹಿಡಿದು, "ಸಾರ್, ಇದು ಯಾಕೆ ರಿಜೆಕ್ಟು?" ಎಂದಳು. "ಸರಿಯಿಲ್ಲಮ್ಮ." "ಅದೇ, ಏನ್ ಸರಿಯಿಲ್ಲ?" "ನೋಡಿದ್ರೇ ಗೊತ್ತಾಗುತ್ತಲ್ಲಮ್ಮ." ಅವಳು ಅದನ್ನು ಪುಸ್ತಕದಲ್ಲಿ ಬರೆದುಕೊಂಡು, ಸ್ವಲ್ಪ ಯೋಚಿಸಿ, ಹೊಡೆದುಹಾಕಿದಳು. ನನ್ನ ಮುಖ ಸಣ್ಣದಾದುದನ್ನು ನೋಡಿ, "ಪರವಾಗಿಲ್ಲ ಸಾರ್, ಕಾರಣ ಎಲ್ಲ ಬೇಡ ಇದಕ್ಕೆ. ಒಳ್ಳೇವು ಸಾವಿರ, ಕೆಟ್ಟವು ಸಾವಿರ ಫೋಟೋ ತೋರಿಸಿ. ವ್ಯತ್ಯಾಸ ಏನು ಅಂತ ಅದೇ ಕಂಡ್ಕೊಳ್ಳುತ್ತೆ" ಎಂದಳು. ಪ್ರಶ್ನೆ ಕೇಳದ ಶಿಷ್ಯ ಸಿಕ್ಕಿದನೆಂದು ನನಗೆ ಸಂತೋಷವಾಯಿತು.

ವೈಟ್‌ಫೀಲ್ಡಿನಿಂದ ಪೀಣ್ಯಕ್ಕೆ ಬರುವುದೆಂದರೆ ಹೆಚ್ಚು ಕಡಿಮೆ ಊರಿಗೆ ಹೋಗಿ ಬಂದಂತೆ. ಶ್ವೇತಾ ಹನ್ನೊಂದಕ್ಕೆ ಬಂದರೆ ಮೂರಕ್ಕೇ ಟ್ರಾಫಿಕ್ಕಿಗೆ ಹೆದರಿ ಹೊರಡುತ್ತಿದ್ದಳು, ಅದೂ ವಾರಕ್ಕೊಮ್ಮೆ. ಹೀಗಾಗಿ ಫೋಟೋ ತೆಗೆಯುವ ಕೆಲಸ ನನ್ನ ಪಾಲಿಗೆ ಬಂತು. ನಾನು ಶಿಸ್ತಿನ ಮನುಷ್ಯ. ಪೀಸನ್ನು ನೋಡುವುದು, ಕೆಟ್ಟದ್ದಾದರೆ ನಿಯಮದಂತೆ ಕೆಂಪು ಚುಕ್ಕೆ ಇಡುವುದು, ಆಮೇಲೆ ಕ್ಯಾಮೆರಾಕ್ಕೆ ತೋರಿಸುವುದು. ಎರಡು ತಿಂಗಳು ಹೀಗೆ ಪಾಠ ನಡೆಯಿತು. ಆಮೇಲೆ ಪರೀಕ್ಷೆ. ನಾನು ಮೊದಲು ನೋಡಿ ಗುರುತು ಹಾಕಿದ ಪೀಸುಗಳನ್ನು ಯಂತ್ರದ ಮುಂದೆ ಇಡುತ್ತಾ ಹೋದರೆ, ನಾನು ಕೆಟ್ಟದ್ದೆಂದುದನ್ನೆಲ್ಲ ಅದೂ ಕೆಟ್ಟದ್ದೆಂದಿತು, ಒಳ್ಳೆಯದೆಂದುದನ್ನೆಲ್ಲ ಒಳ್ಳೆಯದೆಂದಿತು. ಒಂದೂ ತಪ್ಪಲಿಲ್ಲ. ಮಾಲೀಕರು ನನ್ನ ಬೆನ್ನು ತಟ್ಟಿ, "ಹಬ್ಬ ಕಳೀಲಿ, ಮಾತಾಡೋಣ" ಎಂದರು. ಆ ಸಂಜೆ ಮನೆಗೆ ಹೋಗಿ ಅನ್ನದ ತಟ್ಟೆಯ ಮುಂದೆ ಕೂತೆ. ಯಂತ್ರ ನೂರಕ್ಕೆ ನೂರು ತೆಗೆದಿದೆ ಎಂಬ ಹೆಮ್ಮೆಯೂ ಇತ್ತು, ಕುರ್ಚಿ ಹೋಯಿತಲ್ಲ ಎಂಬ ಸಂಕಟವೂ ಇತ್ತು. ಯಾವುದು ಯಾವುದೆಂದು ಬಿಡಿಸಿ ಹೇಳಲಾರೆ.

ಹಬ್ಬವೆಂದರೆ ಆಯುಧಪೂಜೆ. ಪೀಣ್ಯದಲ್ಲಿ ಅದಕ್ಕಿಂತ ದೊಡ್ಡ ಹಬ್ಬವಿಲ್ಲ. ಲೇತು, ಡ್ರಿಲ್ಲು, ಗ್ರೈಂಡರು ಎಲ್ಲವನ್ನೂ ಒರೆಸಿ, ಹೂ ಮುಡಿಸಿ, ಬೂದುಗುಂಬಳ ಒಡೆದು, ಕಡ್ಲೆಪುರಿ ಹಂಚಿದ್ದಾಯಿತು. ಎರಡು ದಿನ ರಜೆ ಕಳೆದು ಬಂದು ಯಂತ್ರವನ್ನು ಚಾಲೂ ಮಾಡಿದರೆ ಮೊದಲ ಪೀಸು ರಿಜೆಕ್ಟು. ಎರಡನೆಯದೂ ರಿಜೆಕ್ಟು. ಐದನೆಯ ಟ್ರೇ ಮುಗಿದರೂ ಒಂದೇ ಒಂದು ಪೀಸೂ ಪಾಸಾಗಲಿಲ್ಲ. ಮಾಲೀಕರು ಬಂದು ನಿಂತರು, ಅವರೇ ಕೈಯಾರೆ ಒಂದು ಪೀಸನ್ನು ಆರಿಸಿ ಇಟ್ಟರು, ಅದೂ ರಿಜೆಕ್ಟಾಯಿತು. ಶ್ವೇತಾ ಫೋನಿನಲ್ಲಿ ಏನೇನೋ ಒತ್ತಲು ಹೇಳಿ, ಕೊನೆಗೆ ಮಧ್ಯಾಹ್ನದ ಹೊತ್ತಿಗೆ ತಾನೇ ಬಂದಳು. ಪೆಟ್ಟಿಗೆಯ ಬಾಗಿಲು ತೆಗೆದು ಟಾರ್ಚು ಬಿಟ್ಟು ನೋಡಿದರೆ, ಕ್ಯಾಮೆರಾದ ಮುಂದಿನ ಗಾಜಿನ ನಟ್ಟನಡುವೆ ಕಾಸಗಲದ ಕುಂಕುಮ.

ಅದನ್ನು ಇಟ್ಟವನು ಮಲ್ಲಪ್ಪ. ಬಾಗಲಕೋಟೆ ಕಡೆಯವನು, ನಮ್ಮಲ್ಲಿ ಎರಡು ವರ್ಷದಿಂದ ಲೇತ್ ಆಪರೇಟರ್, ಇನ್ನೂ ಟೆಂಪರರಿ. ಅವನ ಪೀಸುಗಳು ಹೆಚ್ಚಾಗಿ ರಿಜೆಕ್ಟಾಗುತ್ತಿದ್ದುದರಿಂದ ಕೆಲಸ ಕಾಯಂ ಆಗಿರಲಿಲ್ಲ. ಹಾಗೆ ರಿಜೆಕ್ಟು ಮಾಡುತ್ತಿದ್ದವನು ನಾನೇ. "ಬೇರೆ ಜಾಗ ಇರಲಿಲ್ಲವೇನೋ ನಿನಗೆ?" ಎಂದು ರೇಗಿದೆ. ಅವನು ಕೈಕಟ್ಟಿಕೊಂಡು, "ತಪ್ಪಾತ್ರಿ ಸರ. ಕಣ್ಣು ಇರೋ ಮಷೀನು, ಹಣೀಗೆ ಹಚ್ಚಬೇಕಂತ ಹಚ್ಚೀನ್ರಿ. ಇದರ ಮುಂದ ಎಲ್ಲಾರೂ ಒಂದೇ ಅಂತ ಆ ಮೇಡಂ ಹೇಳಿದ್ರು. ಅದಕ್ಕ ಎಲ್ಲಾದಕ್ಕಿಂತ ಇದಕ್ಕ ಚೊಲೋ ಪೂಜಾ ಮಾಡೀನ್ರಿ" ಎಂದ.

ಶ್ವೇತಾ ಗಾಜು ಒರೆಸಿ ನಗುತ್ತಿದ್ದವಳು ಇದ್ದಕ್ಕಿದ್ದಂತೆ ನಿಂತಳು. "ಸಾರ್, ಒಂದು ಕುಂಕುಮದ ಚುಕ್ಕೆಗೆ ಇದು ಯಾಕೆ ಎಲ್ಲಾನೂ ರಿಜೆಕ್ಟ್ ಮಾಡ್ತು?" ಎಂದಳು. ರಿಜೆಕ್ಟ್ ಟ್ರೇಯ ಕಡೆ ತಿರುಗಿ, ಕೆಂಪು ಚುಕ್ಕೆಗಳನ್ನು ನೋಡಿ, "ಇದನ್ನ ಯಾವಾಗ ಇಡ್ತೀರ? ಫೋಟೋ ಆದ್ಮೇಲೆ ತಾನೇ?" ಎಂದಳು. ಮೊದಲೇ ಇಡುತ್ತೇನೆ, ನಿಯಮ ಅಂದರೆ ನಿಯಮ ಎಂದೆ. ಅವಳು ನನ್ನ ಕುರ್ಚಿಯಲ್ಲಿ ಕುಸಿದು ಕೂತಳು. ಆ ಕ್ಯಾಮೆರಾ ಕಪ್ಪು ಬಿಳುಪಿನದು. ಫೋಟೋದಲ್ಲಿ ಕಂಡ ಕಪ್ಪು ಮಚ್ಚೆಯನ್ನು ಅವಳು ಉಕ್ಕಿನ ದೋಷವೆಂದು ತಿಳಿದಿದ್ದಳು. ಯಂತ್ರವೂ ಅದನ್ನೇ ತಿಳಿದಿತ್ತು. ಎರಡು ತಿಂಗಳ ಪಾಠದಲ್ಲಿ ಅದು ಗೀರನ್ನೂ ಕಲಿತಿರಲಿಲ್ಲ, ಬಿರುಕನ್ನೂ ಕಲಿತಿರಲಿಲ್ಲ. ಮಚ್ಚೆ ಇದ್ದರೆ ಕೆಟ್ಟದ್ದು, ಇಲ್ಲದಿದ್ದರೆ ಒಳ್ಳೆಯದು ಎಂಬುದೊಂದನ್ನೇ ಕಲಿತಿತ್ತು. ಪರೀಕ್ಷೆಯಲ್ಲೂ ನಾನೇ ಉತ್ತರ ಬರೆದುಕೊಟ್ಟಿದ್ದೆ.

ನನಗೆ ನಗು ಬಂತು, ನಿಜ ಹೇಳುತ್ತೇನೆ, ಒಳಗೊಳಗೇ ಹಿಗ್ಗೂ ಬಂತು. ಕುರ್ಚಿ ಉಳಿಯಿತಲ್ಲ. ಇಷ್ಟು ದೊಡ್ಡ ಯಂತ್ರ, ಒಳಗೆ ತಿರುಳೇ ಇಲ್ಲ. ಮೇಲಿನ ಚುಕ್ಕೆ ನೋಡಿ ತೀರ್ಪು ಕೊಡುತ್ತದೆಯೆಂದು ಶ್ವೇತಾಳ ಮುಂದೆಯೇ ಆಡಿಕೊಂಡೆ. ಅವಳು ಬ್ಯಾಗು ಹೆಗಲಿಗೇರಿಸಿಕೊಂಡು ಹೊರಟಳು. ಮರುವಾರ ಬಂದು, ಹಳೆಯ ರಿಜೆಕ್ಟ್ ಪೀಸುಗಳ ಬಣ್ಣವನ್ನು ಥಿನ್ನರಿನಿಂದ ಒರೆಸಿಸಿ, ಒಳ್ಳೆಯವುಗಳ ಜೊತೆ ಬೆರೆಸಿ, ನನ್ನ ಮುಂದೆ ಟ್ರೇ ಇಟ್ಟಳು. "ಮೊದಲಿಂದ ಕಲಿಸೋಣ ಸಾರ್. ಇನ್ನೊಂದ್ಸಲ ನೋಡಿ ಹೇಳಿ, ಚುಕ್ಕೆ ಮಾತ್ರ ಇಡ್ಬೇಡಿ."

ನಾನು ಕನ್ನಡಕ ಒರೆಸಿಕೊಂಡು ಮೊದಲ ಪೀಸನ್ನು ಬೆಳಕಿಗೆ ಹಿಡಿದೆ. ತಿರುಗಿಸಿದೆ. ಬಾಯಿಂದ ತಾನಾಗಿ ಮಾತು ಬಂತು: "ಇದು ಯಾರ ಟ್ರೇ ಅಮ್ಮ?"

"ಯಾರದಾದ್ರೆ ಏನ್ ಸಾರ್? ಪೀಸ್ ನೋಡಿ."

ಅಲ್ಲಿ ನನ್ನ ಕೈ ನಿಂತುಹೋಯಿತು. ನಮ್ಮಲ್ಲಿ ಪ್ರತಿ ಟ್ರೇಗೂ ಆಪರೇಟರನ ಹೆಸರಿನ ಚೀಟಿ ಇರುತ್ತದೆ. ಗಂಗರಾಜುವಿನ ಚೀಟಿಯಿದ್ದರೆ ನಾನು ಒಂದು ಕೈಯಲ್ಲಿ ಟೀ ಕುಡಿಯುತ್ತಲೇ ಪೀಸು ನೋಡುತ್ತಿದ್ದೆ. ಹಳೆಯ ಕೈ, ತಪ್ಪುವುದಿಲ್ಲ ಎಂಬ ನಂಬಿಕೆ. ಅವನ ಅಣ್ಣನೇ ನಮ್ಮ ಮನೆಯ ಓನರ್ ಎಂಬುದಕ್ಕೂ ಇದಕ್ಕೂ ಏನೂ ಸಂಬಂಧವಿಲ್ಲ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಮಲ್ಲಪ್ಪನ ಚೀಟಿ ಕಂಡರೆ ಮಾತ್ರ ಪೀಸು ಕೈಗೆ ಬರುವ ಮೊದಲೇ ಬ್ರಷ್ಷು ಕೈಗೆ ಬರುತ್ತಿತ್ತು. ಸೇರಿದ ಮೊದಲ ವಾರ ಅವನು ಒಂದು ಟ್ರೇ ಕೆಡಿಸಿದ್ದ, ಅದು ನನ್ನ ಕಣ್ತಪ್ಪಿ ಹೋದದ್ದಕ್ಕೆ ನಾಲ್ಕು ಜನರ ಎದುರು ಮಾಲೀಕರಿಂದ ನನಗೆ ಬೈಗುಳ ಬಿದ್ದಿತ್ತು. ಎರಡು ವರ್ಷ ನಾನು ಅವನ ಪೀಸಿನಲ್ಲಿ ಆ ಬೈಗುಳವನ್ನೇ ಹುಡುಕುತ್ತಿದ್ದೆನೋ ಏನೋ.

ಚೀಟಿಯಿಲ್ಲದೆ, ಚುಕ್ಕೆಯಿಲ್ಲದೆ ಇಡೀ ದಿನ ನೋಡಿದೆ. ಯಾವ ಪೀಸು ಯಾವ ಟ್ರೇಯದು ಎಂಬ ಲೆಕ್ಕ ಶ್ವೇತಾಳ ಬಳಿ ಇತ್ತು. ಸಂಜೆ ತಾಳೆ ನೋಡಿದಾಗ, ನಾನೇ ಹಿಂದೆ ಕೆಂಪು ಚುಕ್ಕೆ ಇಟ್ಟಿದ್ದ ಮಲ್ಲಪ್ಪನ ಪೀಸುಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಈಗ ನಾನೇ ಪಾಸು ಮಾಡಿದ್ದೆ. ಹಿಂದೆ ಪಾಸಾಗಿದ್ದ ಗಂಗರಾಜುವಿನ ಪೀಸುಗಳಲ್ಲಿ ಎಷ್ಟು ಬಿದ್ದವೆಂದು ಹೇಳುವುದು ಬೇಡ. ನೆಲ ಬಾಯಿ ಬಿಡಬಾರದೇ ಎನ್ನಿಸಿತು, ಆದರೆ ಪೀಣ್ಯದ ನೆಲವೆಲ್ಲ ಕಾಂಕ್ರೀಟು. "ಸಾಹೇಬ್ರಿಗೆ ಏನಂತ ಬರೀತೀಯಮ್ಮ?" ಎಂದು ಕೇಳಿದೆ. "ಡೇಟಾ ಸರಿಯಿರಲಿಲ್ಲ ಅಂತ ಬರೀತೀನಿ ಸಾರ್." "ಡೇಟಾ ಅಂದ್ರೆ ಯಾರು?" "ನೀವೇ ಸಾರ್" ಎಂದು ಕಂಪ್ಯೂಟರಿನಿಂದ ಕಣ್ಣೆತ್ತದೆ ಹೇಳಿದಳು.

ವರದಿ ಓದಿದ ಮಾಲೀಕರಿಗೆ ಅರ್ಥವಾದದ್ದು ಇಷ್ಟೇ: ಯಂತ್ರ ಹೊಸದಾಗಿ ಕಲಿಯಬೇಕು, ಅಲ್ಲಿಯವರೆಗೆ ಮೂರ್ತಿ ಇರಬೇಕು. ಶ್ವೇತಾ ಕಂಪ್ಯೂಟರನ್ನೂ ಕ್ಯಾಮೆರಾವನ್ನೂ ರಿಪೇರಿಗೆಂದು ವೈಟ್‌ಫೀಲ್ಡಿಗೆ ಕೊಂಡೊಯ್ದಳು. ಖಾಲಿ ಪೆಟ್ಟಿಗೆ ಮಾತ್ರ ನನ್ನ ಮೇಜಿನ ಮೇಲೆ ಉಳಿಯಿತು. ಚೀಟಿಯ ಜಾಗಕ್ಕೆ ಬರೀ ನಂಬರು ಬಂತು, ಯಾವ ನಂಬರು ಯಾರದೆಂದು ನನಗೆ ಹೇಳಬಾರದೆಂದು ನಾನೇ ಕೇಳಿಕೊಂಡೆ. ಮೂರು ತಿಂಗಳು ಪ್ರತಿ ಪೀಸನ್ನೂ ಹೊಸಬನ ಹಾಗೆ ನೋಡಿದೆ. ಕಣ್ಣು ನೋಯುತ್ತಿತ್ತು. ಸರಿಯಾಗಿ ನೋಡುತ್ತಿದ್ದೇನೆಯೇ ಎಂಬ ಗುಮಾನಿ ಮಾತ್ರ ಒಂದು ದಿನವೂ ಬಿಡಲಿಲ್ಲ.

ಕಳೆದ ಸೋಮವಾರ ಮಲ್ಲಪ್ಪ ಹೊಸ ಷರ್ಟು ಹಾಕಿಕೊಂಡು, ಊರಿನ ಕರದಂಟಿನ ಡಬ್ಬಿ ಹಿಡಿದು ನನ್ನ ಮೇಜಿಗೆ ಬಂದ. ಅವನ ಕೆಲಸ ಕಾಯಂ ಆಗಿತ್ತು. ಮೊದಲ ತುಂಡನ್ನು ಖಾಲಿ ಪೆಟ್ಟಿಗೆಯ ಮುಂದಿಟ್ಟು ಕೈಮುಗಿದ. ಎರಡನೆಯದನ್ನು ನನಗೆ ಕೊಟ್ಟ. "ಈ ಮಷೀನು ಬಂದ ಮ್ಯಾಲ ನನಗ ನ್ಯಾಯ ಸಿಕ್ಕತ್ರಿ ಸರ. ನೀವು ಭಾಳ ಚೊಲೋ ಕಲಿಸೀರಿ ಇದಕ್ಕ" ಎಂದ. ಅವನ ಕಣ್ಣಲ್ಲಿ ನೀರಿತ್ತು. ಪೆಟ್ಟಿಗೆಯೊಳಗೆ ಏನೂ ಇಲ್ಲ, ಎರಡು ವರ್ಷ ನಿನ್ನನ್ನು ತಡೆದವನೂ ನಾನೇ, ಈಗ ಬಿಟ್ಟವನೂ ನಾನೇ ಎಂದು ಹೇಳಲು ನಾನು ಬಾಯಿ ತೆರೆದೆ. ತೆರೆದ ಬಾಯಿಗೆ ಕರದಂಟು ಹಾಕಿಕೊಂಡೆ. ಅದನ್ನು ಅಗಿದು ನುಂಗಲು ಬಹಳ ಹೊತ್ತು ಹಿಡಿಯಿತು. ಕೊನೆಗೆ, "ಪಾಪ, ಮೊದಮೊದಲು ಅದಕ್ಕೂ ತಪ್ಪಾಗ್ತಿತ್ತಪ್ಪ" ಎಂದೆ.