ಶಿಷ್ಯನ ಬಾಯಿಂದ ಬಿದ್ದ ಮಾತು

ಎಲ್ಲ ರಾದ್ಧಾಂತಕ್ಕೂ ಮೂಲ ಒಂದು ಲೋಟ ಬಿಸಿ ಟೀ. ಬೆಳಿಗ್ಗೆ ಕ್ಯಾಂಟೀನಿನಲ್ಲಿ ಮೇಷ್ಟ್ರ ಮೊಣಕೈ ತಗುಲಿ ಅದು ಶಿಷ್ಯನ ತೊಡೆಯ ಮೇಲೆ ಬಿತ್ತು. ಶಿಷ್ಯ ಚಂಗನೆ ಜಿಗಿದು, "ಅಯ್ಯಯ್ಯಪ್ಪಾ, ಸುಟ್ಟೇಹೋಯ್ತಲ್ಲೋ!" ಎಂದು ಚೀರಿದ.

ಮೇಷ್ಟ್ರು ಎಂದರೆ ನಿಜವಾದ ಮೇಷ್ಟ್ರಲ್ಲ, ಕಾಲೇಜು ವಿದ್ಯಾರ್ಥಿ. ಹೊರದೇಶದಿಂದ ಬಂದವರಿಗೆ ನಮ್ಮ ಮಾತು, ರೀತಿನೀತಿ ಕಲಿಸುವ ಸ್ವಯಂಸೇವಕರ ತಂಡಕ್ಕೆ ಸೇರಿದ ಮೇಲೆ ಹಾಸ್ಟೆಲಿನವರು ಇಟ್ಟ ಹೆಸರದು. ಯಾರೊಡನೆಯೂ ಎರಡು ಮಾತಾಡದ ತಮ್ಮನ್ನೇ ಆರಿಸಿದ್ದು ತಮ್ಮ ಭಾಷೆಯ ಶುದ್ಧಿ ನೋಡಿಯೇ ಎಂದು ಮೇಷ್ಟ್ರು ನಂಬಿದ್ದರು. ಅವರ ಪಾಲಿಗೆ ಶಿಷ್ಯನಾಗಿ ಬಂದ ಗುಂಗುರುಗೂದಲಿನ ವಿದೇಶಿ ಹುಡುಗ ಇಷ್ಟು ದಿನವಾದರೂ 'ಇದು ಕುರ್ಚಿ, ಅದು ಮೇಜು' ದಾಟಿರಲಿಲ್ಲ.

ಕುರ್ಚಿ ಮೇಜಿನ ನಡುವೆ ಈ 'ಸುಟ್ಟೇಹೋಯ್ತಲ್ಲೋ' ಎಲ್ಲಿಂದ ಬಂತು? ಮೇಷ್ಟ್ರು ಸಿಕ್ಕಸಿಕ್ಕವರನ್ನೆಲ್ಲ ಕೇಳುತ್ತ ಹೊರಟರು.

"ಗೂಢಚಾರ ಕಣೋ! ಚರ್ಮ ಸುಟ್ಟಾಗ ಬರೋದು ಕಲಿತ ಮಾತಲ್ಲ, ಹುಟ್ಟಿದಾಗಿಂದ ಆಡೋ ಮಾತು" ಎಂದ ರೂಮ್‌ಮೇಟ್. ದಿನವಿಡೀ ಪತ್ತೇದಾರಿ ಕಾದಂಬರಿ ಓದುವವನು.

ವಾಚ್‌ಮನ್ ತಾತನೂ ಬಾಯಿ ಹಾಕಿದ. "ನಿನ್ನೆ ನನ್ನ ಮಂಡಿನೋವು ವಿಚಾರಿಸಿದ್ನಪ್ಪಾ. ಎಣ್ಣೆ ಹಚ್ಕೊಳ್ಳಿ ಅಂತಾನೂ ಹೇಳ್ದ."

"ನನ್ಹತ್ರ ಕಾಲರ್ ಗಟ್ಟಿಯಾಗಿ ತೀಡಿ ಅಕ್ಕಾ ಅಂದ" ಎಂದಳು ಇಸ್ತ್ರಿಯಾಕೆ. "ನೀವೇ ಕಲ್ಸಿದ್ದು ಅಂದ್ಕೊಂಡೆ ಮೇಷ್ಟ್ರೇ!"

ಮೇಷ್ಟ್ರ ಸಂಶಯ ಹುಳಿಹಿಟ್ಟಿನಂತೆ ಉಬ್ಬಿತು. ಮಧ್ಯಾಹ್ನದ ಪಾಠದಲ್ಲಿ ಪರೀಕ್ಷೆಗಿಳಿದರು. ಮುಖದ ತುಂಬ ನಗು ತಂದುಕೊಂಡು, "ನಿನ್ನಂಥ ಪೆದ್ದನ್ನ ನಾನೆಲ್ಲೂ ನೋಡಿಲ್ಲ. ಮೂಗು ನೋಡು, ಬದನೆಕಾಯಿ!" ಎಂದರು.

"ಇದು ಮೂಗು" ಎಂದ ಶಿಷ್ಯ, ಹಸುಗೂಸಿನ ಮುಖ ಮಾಡಿ. ಕಿವಿಗಳು ಮಾತ್ರ ಕೆಂಡವಾಗಿದ್ದವು.

ಸಂಜೆ ಮೇಷ್ಟ್ರು ಅವನ ಬೆನ್ನು ಹತ್ತಿದರು. ಅವನು ತಿರುಗಿ ನೋಡಿದಾಗ ಒಣಹಾಕಿದ್ದ ಬಟ್ಟೆಗಳ ಹಿಂದೆ ಅವಿತರು. ತಂತಿ ಕಿತ್ತುಬಂದು, ಯಾರದೋ ಒದ್ದೆ ಬೆಡ್‌ಶೀಟು ತಲೆಯ ಮೇಲೆ ಬಿತ್ತು. ಅದನ್ನು ಬಿಡಿಸಿಕೊಳ್ಳುತ್ತಲೇ ಓಡಿ, ಸ್ವಯಂಸೇವಕರ ಆಫೀಸಿನ ಬಾಗಿಲಿಗೆ ಕಿವಿಯಿಟ್ಟರು. ಒಳಗೆ ಶಿಷ್ಯನ ಬಾಯಿಂದ ನಮ್ಮ ಮಾತು ನಲ್ಲಿ ನೀರಿನ ಹಾಗೆ ಸುರಿಯುತ್ತಿತ್ತು. ಅಷ್ಟರಲ್ಲಿ ಯಾರೋ ಬಾಗಿಲೆಳೆದರು. ಮೇಷ್ಟ್ರು ಬೆಡ್‌ಶೀಟಿನ ಸಮೇತ ಒಳಗೆ ಬಿದ್ದರು.

"ಮೇಡಂ, ಇವನು ಮೋಸಗಾರ! ಇವನಿಗೆ ನಮ್ಮ ಮಾತು ಬರುತ್ತೆ!"

"ಬರದೆ ಏನಪ್ಪಾ? ಅವನ ತಾಯಿ ನಮ್ಮ ಕಡೆಯವರೇ" ಎಂದರು ತಂಡದ ಮೇಡಂ, ಶಾಂತವಾಗಿ.

"ಮತ್ತೆ ನಾನ್ಯಾಕೆ ಇವನಿಗೆ ಕಲಿಸ್ಬೇಕಿತ್ತು?"

ಮೇಡಂ ಕನ್ನಡಕ ತೆಗೆದರು. "ನೀನು ಕಲಿಸ್ಲಿ ಅಂತಲ್ಲ, ಮಾತಾಡ್ಲಿ ಅಂತ. ನಿಮ್ಮಮ್ಮ ಫೋನ್ ಮಾಡಿ, ನನ್ನ ಮಗ ಅಲ್ಲಿ ಯಾರ ಜೊತೆಗೂ ಬಾಯಿ ಬಿಡಲ್ಲ, ಏನಾದ್ರೂ ಮಾಡಿ ಅಂತ ಅತ್ಬಿಟ್ರು. ಇಲ್ಲಿ ಸ್ವಯಂಸೇವಕ ಇವನು. ನೀನಲ್ಲ."

ಶಿಷ್ಯ ಬಗ್ಗಿ ಮೇಷ್ಟ್ರ ಕೈಹಿಡಿದು ಎಬ್ಬಿಸಿದ. "ಬೇಜಾರು ಮಾಡ್ಕೋಬೇಡಿ ಮೇಷ್ಟ್ರೇ. ಇವತ್ತೊಂದೇ ದಿನ ವಾಚ್‌ಮನ್ ತಾತ, ಇಸ್ತ್ರಿ ಅಕ್ಕ, ರೂಮ್‌ಮೇಟ್, ಎಲ್ಲರ ಹತ್ರಾನೂ ಮಾತಾಡಿದ್ದೀರಿ. ಬೈಯೋದಂತೂ ಅದ್ಭುತ!"

"ಹಾಗಾದ್ರೆ ಇವನ ಕೆಲಸ ಮುಗೀತು" ಎಂದರು ಮೇಡಂ. "ನಾಳೆಯಿಂದ ಇವನು ಬೇರೆ ಹುಡುಗನ ಹತ್ರ ಹೋಗ್ತಾನೆ."

ಮೇಷ್ಟ್ರು ಹೊರಗೆ ಬಂದರು. ಇದ್ದೊಬ್ಬ ಗೆಳೆಯನೂ ಕೈಬಿಟ್ಟಿದ್ದ. ಮೆಟ್ಟಿಲ ಬಳಿ ಕೆಳಗಿನ ತರಗತಿಯ ಹುಡುಗಿಯೊಬ್ಬಳು ಅಳುಕುತ್ತಲೇ ನಕ್ಕಳು. "ನಿಮ್ಮನ್ನ ಲೈಬ್ರರಿಯಲ್ಲಿ ದಿನಾ ನೋಡ್ತೀನಿ. ಮಾತಾಡ್ಸೋಕೆ ಧೈರ್ಯ ಬಂದಿರ್ಲಿಲ್ಲ. ಟೀ ಕುಡಿಯೋಣ್ವಾ?"

ಮೇಷ್ಟ್ರು ಕಣ್ಣು ಕಿರಿದು ಮಾಡಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನಿಜ ಹೇಳಿ. ನಿಮ್ಮನ್ನ ಕಳಿಸಿದ್ದು ಮೇಡಮ್ಮಾ, ನಮ್ಮಮ್ಮನಾ?"

ಅವಳು ಹೋದ ವೇಗಕ್ಕೆ ಚಪ್ಪಲಿಯೊಂದು ಮೆಟ್ಟಿಲ ಮೇಲೆಯೇ ಉಳಿಯಿತು.