ಹನ್ನೊಂದು ಸಲ ಲೇಟ್

ರೆಕಾರ್ಡಿಂಗ್ ನಿಲ್ಲಿಸುವ ಮೊದಲೇ ಸೇತುಮಾಧವ ಕೀ ಒತ್ತಿಬಿಟ್ಟ. ಅವನು ಮಾಡಿದ ತಪ್ಪು ಅಷ್ಟೇ.

ಆದೋನಿಯ ರಾಘಣ್ಣನ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಕಂಪ್ಯೂಟರ್ ಬಂದು ಹದಿನೈದು ದಿನವಾಗಿತ್ತು. ೧೯೮೯ರ ಮಾತು. ಅದನ್ನು ಮುಟ್ಟುವ ಅಧಿಕಾರ ಇದ್ದದ್ದು ಅಲ್ಲಿ ಟೈಪಿಂಗ್ ಕಲಿಸುತ್ತಿದ್ದ ಸೇತುಮಾಧವನಿಗೆ ಮಾತ್ರ. ಹೈದರಾಬಾದಿನ ಕಂಪನಿಯವನು ಹೋಗುವಾಗ 'ಮ್ಯಾಕ್ರೋ' ಎಂಬ ವಿದ್ಯೆ ಕಲಿಸಿದ್ದ. ಒಂದು ಕೆಲಸವನ್ನು ಒಮ್ಮೆ ಮಾಡಿ ತೋರಿಸಿದರೆ ಯಂತ್ರ ರೆಕಾರ್ಡ್ ಮಾಡಿ ನೆನಪಿಟ್ಟುಕೊಳ್ಳುತ್ತದೆ. ಆಮೇಲೆ ಒಂದು ಕೀ ಒತ್ತಿದರೆ ತಾನೇ ಮಾಡುತ್ತದೆ. "ಮ್ಯಾಕ್ರೋ ಓಡಿಸುವ ಮುಂಚೆ ಫೈಲು ಸೇವ್ ಮಾಡು" ಎಂದು ಮೂರು ಸಲ ಹೇಳಿದ್ದ. 'ಸೇವ್ ಮಾಡು' ಎಂಬುದು ಸೇತುಮಾಧವನ ತಲೆಯಲ್ಲಿ ಉಳಿಯಿತು. 'ಮುಂಚೆ' ಉಳಿಯಲಿಲ್ಲ.

ಅವತ್ತು ಸಂಜೆ ಐದಕ್ಕೆ ನಿವೃತ್ತ ಮೇಷ್ಟ್ರುಗಳ ಸಂಘದ ಸಭೆ. ಅಧ್ಯಕ್ಷರಾದ ಹೆಡ್‌ಮಾಸ್ಟರ್ ಭೀಮಲಿಂಗಪ್ಪ ನಲವತ್ತಾರು ಹೆಸರುಗಳ ಪಟ್ಟಿ ಕಳಿಸಿದ್ದರು. ಪ್ರತಿ ಹೆಸರಿಗೂ ಒಂದು ಇಂಗ್ಲಿಷ್ ನೋಟೀಸು ಹೋಗಬೇಕು. ಅವರಲ್ಲಿ ಮೂವರು ತೀರಿಕೊಂಡಿದ್ದರು. ಅವರ ಮನೆಗಳಿಗೂ ಗೌರವಕ್ಕೆ ಒಂದು ಚೀಟಿ. ಹೆಸರಿನ ಹಿಂದೆ 'ಲೇಟ್' ಎಂದಿರಬೇಕು.

ಪಟ್ಟಿಯ ಮೊದಲ ಹೆಸರೇ ತೀರಿಕೊಂಡವರದು. 'ಲೇಟ್' ಬರೆದು ಒಂದು ಸಾಲು ಕೆಳಗಿಳಿಯುವುದನ್ನು ಸೇತುಮಾಧವ ರೆಕಾರ್ಡ್ ಮಾಡುತ್ತಿದ್ದಾಗ ಪಕ್ಕದ ಮನೆಯ ಪ್ರೇಮಾಬಾಯಿ ಒಳಗೆ ಬಂದರು.

"ಏನೋ ಸೇತು, ಒಂದ ಗುಂಡಿ ಒತ್ತಿದ್ರ ತಾನ ಬರೀತೈತಂತಲ್ಲ? ಎಲ್ಲಿ, ಒತ್ತು ನೋಡೂಣು."

ಅವನು ಒತ್ತಿದ. ಆ ಒತ್ತನ್ನೂ ಯಂತ್ರ ಪಾಠವೆಂದೇ ಕಲಿತುಕೊಂಡಿತು: ಲೇಟ್ ಬರೆ, ಕೆಳಗಿಳಿ, ಮತ್ತೆ ಅದೇ ಗುಂಡಿ ಒತ್ತು. ಸೇತುಮಾಧವ ರೆಕಾರ್ಡಿಂಗ್ ಮುಗಿಸಿ ಮತ್ತೊಮ್ಮೆ ಒತ್ತಿದಾಗ ಅದು ಹಗ್ಗ ಹರಿದ ಹೋರಿಯಂತೆ ಹೊರಟಿತು. ಸತ್ತವರು, ಇದ್ದವರು ಎಂಬ ಭೇದವಿಲ್ಲದೆ ಎಲ್ಲರಿಗೂ ಲೇಟ್ ಹಚ್ಚುತ್ತಾ ಹೋಯಿತು.

"ಭಾರಿ ಜೋರೈತಿ ಬಿಡು!" ಎಂದು ಪ್ರೇಮಾಬಾಯಿ ಚಪ್ಪಾಳೆ ತಟ್ಟಿದರು.

"ನಿಂದ್ರಸೋ ಮಾರಾಯಾ!" ರಾಘಣ್ಣ ಕೂಗಿದ.

ಸೇತುಮಾಧವ ಹತ್ತೂ ಬೆರಳಲ್ಲಿ ಸಿಕ್ಕಸಿಕ್ಕ ಕೀ ಒತ್ತಿದ. ಹೇಗೋ ನಿಂತಿತು. 'ಸೇವ್ ಮಾಡಲೇ?' ಎಂದು ಯಂತ್ರ ಕೇಳಿತು. ಕಂಪನಿಯವನ ಮಾತು ನೆನಪಾಗಿ, ಭಕ್ತಿಯಿಂದ 'ಹೌದು' ಒತ್ತಿದ. ಹಳೆಯ ಪಟ್ಟಿ ಉಳಿಯಿತೆಂದು ನೆಮ್ಮದಿಯಾಯಿತು.

"ಹತ್ತು ಗಂಟಿ ಆತು, ನೋಟೀಸು ಹಂಚಾಕ ಎರ್ರಿಸ್ವಾಮಿ ಸೈಕಲ್ ಹಿಡ್ಕೊಂಡು ನಿಂತಾನ. ಲಗೂ ಪ್ರಿಂಟ್ ಕೊಡು," ಎಂದ ರಾಘಣ್ಣ.

ನೋಟೀಸುಗಳು ಬಂದ ಹಾಗೆ ರಾಘಣ್ಣನ ಹೆಂಡತಿ ಅನ್ನಪೂರ್ಣಾಬಾಯಿ ಮತ್ತು ಪ್ರೇಮಾಬಾಯಿ ಮಡಚಿ ಚೀಲಕ್ಕೆ ತುಂಬಿದರು. ಇಬ್ಬರಿಗೂ ಇಂಗ್ಲಿಷ್ ಬಾರದು. ಎರ್ರಿಸ್ವಾಮಿ ಹೊರಟುಹೋದ. ಆ ಮೂವರ ಚೀಟಿಗೆ ಪೆನ್ನಿನಲ್ಲಿ ಲೇಟ್ ಬರೆಯುವುದು ಉಳಿಯಿತಲ್ಲ ಎಂದು ಸೇತುಮಾಧವನಿಗೆ ಹೊಳೆದದ್ದು ಆಮೇಲೆ. ಹೆಸರು ನೋಡಲು ಪಟ್ಟಿ ತೆರೆದ.

ನಲವತ್ತಾರು ಜನರೂ ಸತ್ತಿದ್ದರು. ಪಟ್ಟಿಯ ಕೊನೆಯವರು ಭೀಮಲಿಂಗಪ್ಪ. ಅವರಿಂದಾಚೆಗೆ ಇಳಿಯಲು ಸಾಲಿಲ್ಲದೆ, ಯಂತ್ರ ಅವರೊಬ್ಬರಿಗೇ ಹನ್ನೊಂದು ಸಲ ಲೇಟ್ ಬರೆದಿತ್ತು.

ಸೇತುಮಾಧವ ಸೈಕಲ್ ಹತ್ತಿದ.

ಪುಣ್ಯಕ್ಕೆ, ಸಂಘದ ನೋಟೀಸು ಬಿಚ್ಚಲು ಯಾರಿಗೂ ಅವಸರವಿರಲಿಲ್ಲ. ಟೀಚರ್ ಕಾವೇರಿಬಾಯಿಯವರ ಮನೆಯಲ್ಲಿ ಅದು ಮಜ್ಜಿಗೆ ಪಾತ್ರೆ ಮುಚ್ಚಿತ್ತು. ಒಬ್ಬ ಮೇಷ್ಟ್ರ ಹೆಂಡತಿ ಹುಸೇನಮ್ಮನ ಮನೆಯಲ್ಲಿ ಆಡು ಅದರ ಒಂದು ಮೂಲೆ ತಿನ್ನುತ್ತಿತ್ತು. ಅವನು ಆಡಿನ ಬಾಯಿಗೇ ಕೈ ಹಾಕಿದ.

"ಏ, ಏನಪ್ಪಾ ಇದು? ಅದರಾಗ ಏನೈತಿ ಅಂಥಾದ್ದು?"

"ಒಂದು ತಪ್ಪಾಗೈತಿ, ಅಮ್ಮಾ. ಸಾರ್ ಒಳಗದಾರೇನು?"

"ಮಕ್ಕೊಂಡಾರ. ಎಬ್ಬಿಸ್ಲೇನು?"

"ಬ್ಯಾಡ್ರಿ! ದೇವರಾಣೆ ಬ್ಯಾಡ್ರಿ!"

ಬಿಸಿಲಿಗೆ ಬೆಂದು, ನಾಲ್ಕೂವರೆಯ ಹೊತ್ತಿಗೆ ಬದುಕಿದ್ದ ನಲವತ್ತೆರಡು ಮಂದಿಯ ಚೀಟಿಗಳನ್ನು ವಾಪಸ್ ಪಡೆದಿದ್ದ. ಅಧ್ಯಕ್ಷರದ್ದೊಂದೇ ಉಳಿದಿತ್ತು. ಅವರು ಮನೆಯಲ್ಲಿರಲಿಲ್ಲ. ಸಭೆಯ ಹಾಲಿಗೆ ಓಡಿದ.

ಖಾಲಿ ಕುರ್ಚಿಗಳ ಮುಂದೆ ಭೀಮಲಿಂಗಪ್ಪ ಒಬ್ಬರೇ ಕೂತಿದ್ದರು. ಕೈಯಲ್ಲಿ ಬಿಚ್ಚಿದ ಚೀಟಿ.

"ಬಾರಪ್ಪಾ. ಮನುಷ್ಯ ಒಂದ ಸಲ ಸಾಯ್ತಾನ. ನೀ ನನ್ನ ಹನ್ನೊಂದು ಸಲ ಸಾಯಿಸೀದಿ."

"ತಪ್ಪಾತ್ರಿ ಸಾರ್. ಆದ್ರ ಬ್ಯಾರೆ ಯಾರೂ ನೋಡಿಲ್ರಿ." ಸೇತುಮಾಧವ ಚೀಲ ತೆರೆದು ತೋರಿಸಿದ. "ಎಲ್ಲಾ ವಾಪಸ್ ತಂದೀನ್ರಿ."

ಮೇಷ್ಟ್ರು ಚೀಟಿಗಳನ್ನು ಒಂದೊಂದಾಗಿ ನೋಡಿದರು. ಬೈಯಲಿಲ್ಲ. ತಲೆಯ ಮೇಲೆ ಕೈ ಹೊತ್ತರು.

"ಎಂಥಾ ಕೆಲಸ ಮಾಡಿದೆಪ್ಪಾ! ಆರು ವರ್ಷ ಆತು, ಈ ಸಂಘಕ್ಕ ಒಂದ ಸಲಾನೂ ಹತ್ತು ಮಂದಿ ಬಂದಿಲ್ಲ. ಇದನ್ನ ಓದಿ ನಾ ಸಿಟ್ಟಿಗೆದ್ದು ಮೂರಕ್ಕ ಬಂದು ಕೂತೀನಿ, ಗೊತ್ತೈತೇನು? ಇವರೂ ಓದಿದ್ರ ಎಲ್ಲಾರೂ ಓಡಿ ಬರ್ತಿದ್ರು. ಹಾಲ್ ತುಂಬ್ತಿತ್ತು!"

"ಹೊಸಾವು ಬರ್ದು ಕೊಡ್ತೀನ್ರಿ ಸಾರ್..."

"ಹೊಸಾವು ಯಾಕ? ಇವನ್ನ ತಿರುಗಿ ಕೊಟ್ಟು ಬಾ. ಮನಿ ಮನಿಗೆ ಹೋಗಿ, ಬಿಚ್ಚಿ, ಎದುರು ನಿಂತು ಓದಿಸು. ಸಭೆ ಆರೂವರಿಗೆ ಇಟ್ಕೊಳ್ಳೂಣು."

ಹಾಲಿಗೆ ಹತ್ತಿರದ ಮನೆ ಡ್ರಿಲ್ ಮಾಸ್ಟರ್ ಹನುಮಣ್ಣನವರದು. ಅವರು ಕಟ್ಟೆಯ ಮೇಲೆ ಕೂತು ಚೀಟಿ ಓದಿದರು. ಮತ್ತೊಮ್ಮೆ ಓದಿದರು. ಆಮೇಲೆ ಸೇತುಮಾಧವನ ಮೇಲಿಂದ ಕಣ್ಣು ತೆಗೆಯದೆ ಒಳಗೆ ಕೂಗಿ ಹೇಳಿದರು:

"ಲಿಂಗಕ್ಕಾ, ಅಟ್ಟದ ಮ್ಯಾಲೆ ನನ್ನ ಸಾಲಿ ಬೆತ್ತ ಐತಿ. ತೊಗೊಂಡು ಬಾ."

ಇನ್ನೂ ನಲವತ್ತೊಂದು ಮನೆ ಇದ್ದವು.